ಒರೆಗೆ ಹಚ್ಚದ ಚಿನ್ನ

ಚಿನ್ನದಂಗಡಿಯಲ್ಲಿ ಹೆಂಗಸರನ್ನು ಏಮಾರಿಸುವುದು ಅಷ್ಟು ಸುಲಭವಲ್ಲ. ಬಳೆಯನ್ನು ತಿರುಗಿಸಿ ಒಳಮೈ ನೋಡುತ್ತೇವೆ. ಹಾಲ್‌ಮಾರ್ಕ್ ಎಲ್ಲಿ, 916 ಎಲ್ಲಿ ಎಂದು ಕೇಳುತ್ತೇವೆ. "ಇದು ಭಾಗಶಃ ಚಿನ್ನ ಅಮ್ಮಾ, ತಗೊಳ್ಳಿ" ಎಂದು ಯಾವನಾದರೂ ಹೇಳಿದರೆ ಅವನ ಅಂಗಡಿಯ ಮೆಟ್ಟಿಲು ಮತ್ತೆ ಹತ್ತುವುದಿಲ್ಲ. ನಮ್ಮ ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಕಡೆಯವರಿಗಂತೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ತನಕ ನೂರಿಪ್ಪತ್ತು ವರ್ಷ ನೆಲದಡಿಯಿಂದ ಚಿನ್ನ ತೆಗೆದುಕೊಟ್ಟ ಊರು ಇದು. ಮೈಮೇಲೆ ಗುಂಜಿ ಚಿನ್ನವಿಲ್ಲದಿದ್ದರೂ ಅಸಲಿ ಯಾವುದು, ನಕಲಿ ಯಾವುದು ಎಂಬ ವಿವೇಕ ಇಲ್ಲಿಯ ಲೈನ್ ಮನೆಗಳಲ್ಲಿ ಧಾರಾಳವಾಗಿದೆ.

ಆದರೆ ಈಗ ನಮ್ಮ ದುಡ್ಡು, ಪಡಿತರ, ಟಿಕೆಟ್ಟು, ಮಕ್ಕಳ ಅರ್ಜಿ ಎಲ್ಲವೂ ಕೈಯಲ್ಲಿರುವ ಫೋನಿನೊಳಗೆ ಹೋಗಿ ಕುಳಿತಿವೆ. ಅದರ ಮೇಲೂ ಒಂದು ಮುದ್ರೆ ಇರುತ್ತದೆ. "ಈ ಜಾಲತಾಣವು ಅಂಗವಿಕಲರೂ ಬಳಸುವಂತೆ ಮಾನದಂಡಗಳಿಗೆ ಅನುಗುಣವಾಗಿದೆ" ಎಂಬ ಒಂದು ಸಾಲು ಪುಟದ ತಳದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬಿದ್ದಿರುತ್ತದೆ. ನನ್ನ ಜಗಳ ಇರುವುದು ಈ ಸಾಲಿನ ಜೊತೆಗೆ. ಇದನ್ನು ಒರೆಗೆ ಹಚ್ಚಿದವರು ಯಾರು?

ನಮ್ಮ ಬೀದಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ, ಬಿ.ಎ. ಮುಗಿಸಿದವಳು. ಪರದೆಯ ಮೇಲಿರುವುದನ್ನು ಅವಳ ಫೋನು ಓದಿ ಹೇಳುತ್ತದೆ; ಹಾಗೆ ಕೇಳಿಕೊಂಡೇ ಅವಳು ಕಾದಂಬರಿ ಓದುತ್ತಾಳೆ, ಅಕ್ಕನಿಗೆ ದುಡ್ಡು ಕಳಿಸುತ್ತಾಳೆ. ಒಂದು ದಿನ ಕೆಲಸದ ಅರ್ಜಿ ತುಂಬಲು ಕುಳಿತಳು. ಫೋನು "ಬಟನ್, ಬಟನ್, ಬಟನ್" ಎಂದು ಜಪ ಮಾಡತೊಡಗಿತು. ಯಾವುದು ಕಳಿಸುವ ಬಟನ್, ಯಾವುದು ಅಳಿಸುವ ಬಟನ್ ಎಂದು ಬರೆದಿಡುವಷ್ಟು ವ್ಯವಧಾನ ಅದನ್ನು ಕಟ್ಟಿದವರಿಗೆ ಇರಲಿಲ್ಲ. ಕೊನೆಗೆ ಡೊಂಕು ಅಕ್ಷರಗಳ ಚಿತ್ರವೊಂದು ಬಂತು: ನೀನು ಮನುಷ್ಯಳೆಂದು ಸಾಬೀತು ಮಾಡಲು ಇದನ್ನು ನೋಡಿ ಬರೆ! ಆ ಪುಟದ ತಳದಲ್ಲೂ ಅದೇ ಇರುವೆ ಸಾಲು ಇತ್ತು. ಅದನ್ನು ಮಾತ್ರ ಫೋನು ತಪ್ಪಿಲ್ಲದೆ ಓದಿತು.

ಮಾನದಂಡ ಇಲ್ಲವೆಂದಲ್ಲ. ಚಿನ್ನಕ್ಕೆ ಹಾಲ್‌ಮಾರ್ಕ್ ಕೊಡುವ ಭಾರತೀಯ ಮಾನಕ ಬ್ಯೂರೋವೇ 2021-22ರಲ್ಲಿ ಐಎಸ್ 17802 ಎಂಬ ಮಾನದಂಡವನ್ನು ಎರಡು ಭಾಗಗಳಲ್ಲಿ ಹೊರತಂದಿದೆ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಎಷ್ಟು ಅಂತರವಿರಬೇಕು, ಚಿತ್ರಕ್ಕೆ ವಿವರಣೆ ಇರಬೇಕೆ, ಕಿವಿ ಕೇಳದವರಿಗೆ ವಿಡಿಯೋದ ಮಾತು ಬರಹದಲ್ಲಿ ಬರಬೇಕೆ ಎಂದು ಅದು ಒಂದೊಂದಾಗಿ ಹೇಳುತ್ತದೆ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು, 2017ರ ಜೂನ್‌ನಲ್ಲಿ ಅದರ ನಿಯಮಗಳು ಬಂದವು. ಸೇವೆ ಕೊಡುವವರು ಸರ್ಕಾರವಾಗಲಿ ಖಾಸಗಿಯಾಗಲಿ, ಎರಡು ವರ್ಷದೊಳಗೆ ಸರಿಮಾಡಿಕೊಳ್ಳಬೇಕಿತ್ತು. ಆ ಗಡುವು 2019ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇವು ಬರೀ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಮರುವರ್ಷದ ತೀರ್ಪು ಹೆಂಗಸೊಬ್ಬಳ ಹೋರಾಟದ ಫಲ. ಆಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಬ್ಯಾಂಕ್ ಖಾತೆ ತೆರೆಯಲು ಹೋದರೆ, ಜೀವಂತ ಇದ್ದೀಯೆಂದು ತೋರಿಸಲು ಕಣ್ಣು ಮಿಟುಕಿಸು ಎಂದಿತು ಯಂತ್ರ. ಆಸಿಡ್ಡಿನಲ್ಲಿ ಸುಟ್ಟ ಕಣ್ಣನ್ನು ಮಿಟುಕಿಸುವುದೆಲ್ಲಿಂದ ಬಂತು? 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಇಂಥ ಸೇವೆಗಳು ಎಟುಕುವುದು ಜೀವಿಸುವ ಹಕ್ಕಿನದೇ ಭಾಗ ಎಂದು ಹೇಳಿ, ನಿಯಮಿತವಾಗಿ ತಪಾಸಣೆ ಮಾಡಿಸುವುದೂ ಸೇರಿದಂತೆ 20 ನಿರ್ದೇಶನಗಳನ್ನು ಕೊಟ್ಟಿತು.

ತಪಾಸಣೆ ಎಂದರೇನು ಎಂಬಲ್ಲೇ ಈಗ ಆಟ ನಡೆಯುವುದು. ಸರಿಯಾದ ವರದಿ ಹೇಗಿರಬೇಕೆಂದರೆ, ಮಾನದಂಡದ ಒಂದೊಂದು ಸಾಲಿನ ಎದುರಿಗೂ "ಇದೆ", "ಭಾಗಶಃ ಇದೆ", "ಇಲ್ಲ", "ಅನ್ವಯಿಸುವುದಿಲ್ಲ" ಎಂದು ಬರೆದು, ಪಕ್ಕದಲ್ಲಿ ಕಾರಣ ಕೊಡಬೇಕು. ಆದರೆ ಎಷ್ಟೋ ಕಡೆ ಒಂದು ತಂತ್ರಾಂಶವನ್ನು ಓಡಿಸಿ, ಅದು ಕೊಟ್ಟ ಅಂಕವನ್ನೇ ವರದಿ ಎಂದು ಅಂಟಿಸಿಬಿಡುತ್ತಾರೆ. ಚಿತ್ರಕ್ಕೆ ವಿವರಣೆ ಇದೆಯೇ ಎಂದು ಯಂತ್ರ ನೋಡಬಲ್ಲದು. "ಚಿತ್ರ 1" ಎಂದು ಬರೆದಿದ್ದರೂ ಅದಕ್ಕೆ ತೃಪ್ತಿ. ಆ ವಿವರಣೆಯಿಂದ ಕಣ್ಣಿಲ್ಲದವಳಿಗೆ ಏನಾದರೂ ತಿಳಿಯಿತೇ ಎಂದು ಅದು ಕೇಳುವುದಿಲ್ಲ. ಇನ್ನು "ಭಾಗಶಃ" ಎಂಬ ಪದವಂತೂ ಎಲ್ಲ ಕಳ್ಳರಿಗೂ ತಂಗುದಾಣ. ಹತ್ತು ಮೆಟ್ಟಿಲಲ್ಲಿ ಒಂಬತ್ತು ಕಟ್ಟಿ ಬಾವಿಗೆ ಭಾಗಶಃ ಮೆಟ್ಟಿಲಿದೆ ಎಂದರೆ, ಇಲ್ಲದ ಆ ಹತ್ತನೆಯದರಲ್ಲೇ ಅಲ್ಲವೇ ಕಾಲು ಜಾರುವುದು?

ನನಗೆ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಅಮೆರಿಕದಲ್ಲಿ 1998ರ ಕಾನೂನು ತಿದ್ದುಪಡಿಯ ನಂತರ ಅಲ್ಲಿಯ ಕೇಂದ್ರ ಸರ್ಕಾರದ ಇಲಾಖೆಗಳು ತಂತ್ರಾಂಶ ಕೊಳ್ಳುವಾಗ ಇಂಥ ವರದಿಯನ್ನು ಕೇಳುತ್ತವೆ. ಆ ವರದಿಗಳನ್ನು ತಯಾರಿಸುವವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಬೆಳಗಿನ ಕತ್ತಲಲ್ಲಿ ಉರಿಗಾಂ ಸ್ಟೇಷನ್ನಿನಿಂದ ಬುತ್ತಿ ಹಿಡಿದು ರೈಲು ಹತ್ತುವ ನಮ್ಮ ಮಕ್ಕಳು ಹೋಗುವುದು ಅದೇ ಬೆಂಗಳೂರಿಗೆ. ಅಂದರೆ ವಿದ್ಯೆ ನಮ್ಮಲ್ಲಿದೆ. ಸಮುದ್ರದಾಚೆಯ ಗಿರಾಕಿ ಕೇಳಿದರೆ ಸಾಲುಸಾಲಾಗಿ ಸತ್ಯ ಬರೆಯುವ ಕೈ, ನಮ್ಮೂರಿನ ಪಾಟಿಗೆ ಮಾತ್ರ ಒಂದು ಸಾಲಿನ ಸುಳ್ಳು ಬರೆದು ಕೈತೊಳೆದುಕೊಳ್ಳುತ್ತದೆ. ಕೇಳುವವರಿಲ್ಲ ಎಂಬ ಧೈರ್ಯ.

ಕನ್ನಡದ ಪಾಡು ಇನ್ನೂ ಕಷ್ಟ. ಇಂಗ್ಲಿಷ್ ಪುಟವನ್ನು ಪರೀಕ್ಷೆ ಮಾಡಿ ಕನ್ನಡ ಪುಟಕ್ಕೂ ಅದೇ ಮುದ್ರೆ ಒತ್ತಿದರೆ ಆಯಿತೆ? ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಸುತ್ತೋಲೆಯನ್ನು ಫೋನು ಓದಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕೇಳಿಸುತ್ತದೆ. ಕಾಗದವನ್ನು ಫೋಟೋ ಹಿಡಿದು ಏರಿಸಿದ್ದರಂತೂ ಅದಕ್ಕೆ ಮೌನವೇ ಗತಿ.

"ಕುರುಡರು ಎಷ್ಟು ಜನ ಇದ್ದಾರೆ ಮೇಡಂ, ಇಷ್ಟು ಖರ್ಚು ಯಾಕೆ?" ಎನ್ನುವ ಬುದ್ಧಿವಂತರಿದ್ದಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಆ ಲೆಕ್ಕದೊಳಗೆ ನಮ್ಮ ಲೈನಿನ ಪಾಟಿಯಂಥವರು ಬಂದಿರಲಾರರು. ಗಂಡ ಗಣಿಯಲ್ಲಿ ದುಡಿದು ಹೋದ, ಇವರ ಕಣ್ಣಿಗೆ ಪೊರೆ ಬಂದಿದೆ, ಬೆರಳು ನಡುಗುತ್ತದೆ. ಬ್ಯಾಂಕಿನ ಆಪ್‌ನಲ್ಲಿ ತೆಳು ಬೂದು ಬಣ್ಣದ ಅಕ್ಷರ ಕಾಣದೆ, ಗುಟ್ಟಿನ ಅಂಕಿಯನ್ನು ಮೊಮ್ಮಗನಿಗೆ ಒಪ್ಪಿಸಿದ್ದಾರೆ. "ಟೀಚರಮ್ಮಾ, ದುಡ್ಡು ನಂದು, ಆದ್ರೆ ಎಷ್ಟಿದೆ ಅಂತ ಅವನು ಹೇಳಿದ್ದೇ ಲೆಕ್ಕ" ಎಂದರು ಒಮ್ಮೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ ಮನೆಯೊಡತಿಯ ಹೆಸರಿಗೇ ತಿಂಗಳಿಗೆ 2,000 ರೂಪಾಯಿ ಎಂದು ಹಿಗ್ಗಿದೆವು. ಹೆಸರು ಅವಳದಾಗಿ ಕೀಲಿಕೈ ಇನ್ನೊಬ್ಬರದಾದರೆ ಅದು ಎಂಥ ಒಡೆತನ? ಹೆಂಗಸು ತನ್ನ ದುಡ್ಡನ್ನು ತಾನೇ ಎಣಿಸಬೇಕೆಂದು ನಮ್ಮ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು ಹೋರಾಡಿದರು. ಆ ಡಬ್ಬಿಯನ್ನು ಕೈಯಿಂದ ತಡವಿದರೆ ಸಾಕಿತ್ತು, ಕಣ್ಣು ಬೇಕಿರಲಿಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದು ದಯೆಯನ್ನಲ್ಲ, ಲೆಕ್ಕವನ್ನು. ಯಾರು ಪರೀಕ್ಷಿಸಿದರು? ಅವರಲ್ಲಿ ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗುವವರು ಎಷ್ಟು ಮಂದಿ? ಯಾವ ತಾರೀಖು? ಕನ್ನಡದಲ್ಲೂ ಪರೀಕ್ಷಿಸಿದರೇ? ಯಾವುದು ಸರಿಯಿಲ್ಲ, ಎಂದು ಸರಿಯಾಗುತ್ತದೆ? ಇದಿಷ್ಟನ್ನೂ ಪುಟದ ತಳದಲ್ಲಿ, ಓದಲು ಬರುವ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಲಿ. "ನಮ್ಮ ಆಪ್‌ನಲ್ಲಿ ಇಂಥದ್ದು ಕೆಲಸ ಮಾಡುವುದಿಲ್ಲ" ಎಂದು ಒಪ್ಪಿಕೊಳ್ಳುವ ವರದಿಯನ್ನು ನಾನು ಗೌರವಿಸುತ್ತೇನೆ. ಅದನ್ನು ಓದಿದವರು ಬೇರೆ ದಾರಿಯನ್ನಾದರೂ ಹುಡುಕಿಕೊಂಡಾರು. ಎಲ್ಲವೂ ಸರಿಯಿದೆ ಎನ್ನುವ ಸುಳ್ಳು ಆ ದಾರಿಯನ್ನೂ ಮುಚ್ಚುತ್ತದೆ, ತಪ್ಪು ನಿನ್ನದೇ ಇರಬೇಕು ಎಂದು ಮುದುಕಿಯನ್ನು ನಂಬಿಸುತ್ತದೆ.

ಕಾಯ್ದೆ ಮೀರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ ಎಂದಿದೆ. ದೂರು ಕೊಡಲು ರಾಜ್ಯದಲ್ಲಿ ಅಂಗವಿಕಲರ ಆಯುಕ್ತರಿದ್ದಾರೆ. ಒಂದು ಇನ್‌ಲ್ಯಾಂಡ್ ಕಾಗದ ಸಾಕು. ಮಹಿಳಾ ಸಮಾಜದ ಸಭೆಯಲ್ಲಿ ರಂಗೋಲಿ ಸ್ಪರ್ಧೆಗೆ ಕೊಡುವ ಅರ್ಧ ಗಂಟೆಯನ್ನು ಇದಕ್ಕೂ ಕೊಡಿ. ನಿಮ್ಮೂರಿನ ಕಣ್ಣು ಕಾಣದ ಹುಡುಗಿಯನ್ನು ಕರೆಸಿ, ಬ್ಯಾಂಕಿನ ಆಪ್ ಅನ್ನು ಅವಳ ಕೈಗೆ ಕೊಟ್ಟು ಎಲ್ಲರೂ ಸುಮ್ಮನೆ ಕೇಳಿ. ಎಲ್ಲೆಲ್ಲಿ ಅವಳು ನಿಲ್ಲುತ್ತಾಳೋ ಅಲ್ಲಲ್ಲಿ ಒಂದೊಂದು ಸಾಲು ಬರೆದುಕೊಳ್ಳಿ. ಆ ಕಂಪನಿ ಬರೆಯದೆ ಬಿಟ್ಟ ವರದಿ ಅದೇ. ಕಾಗದದ ಜೊತೆ ಅದನ್ನೂ ಇಟ್ಟು ಕಳಿಸಿ.