ಟೀಚರ್ ಓಟಿಗೆ ನಿಲ್ಲಬಹುದೇ?

ಬೋಧನಾಭ್ಯಾಸದ ಮೂರನೇ ವಾರ. ಸಮಾಜ ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಒಂಬತ್ತನೇ ತರಗತಿಯ ‘ರಾಜ್ಯ ಸರ್ಕಾರ’ ಪಾಠ ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನನ್ನ ಪಾಲಿಗೆ ಬಂತು. ವಿಧಾನ ಪರಿಷತ್ತಿನ 75 ಸ್ಥಾನಗಳ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ: ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಹಂಗಾರೆ ನೀವ್ ಓಟಿಗ್ ನಿಲ್ಲುಕ್ ಆತ್ತಾ?” ತರಗತಿ ನಕ್ಕಿತು. ನಾನೂ ನಕ್ಕು ಮುಂದೆ ಹೋದೆ. ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಆದರೆ ಅದು ಉತ್ತರ ಕೊಡಬೇಕಾದ ಪ್ರಶ್ನೆ.

ಶಿಕ್ಷಕರು ರಾಜಕೀಯಕ್ಕೆ ಬಂದು ನಿಲ್ಲಬಲ್ಲರು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲಿ ಬಸವರಾಜ ಹೊರಟ್ಟಿಯವರಿದ್ದಾರೆ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಅವರು 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಸಲ ಗೆದ್ದರು; 2022ರಲ್ಲಿ ಎಂಟನೆಯ ಸಲ. ನಡುವೆ ಪಕ್ಷ ಬದಲಾಯಿತು, ಕ್ಷೇತ್ರ ಬದಲಾಗಲಿಲ್ಲ. ಶಿಕ್ಷಣ ಸಚಿವರಾದರು, ಪರಿಷತ್ತಿನ ಸಭಾಪತಿಯಾದರು. ದೇಶದ ಮಟ್ಟದಲ್ಲಿ ನೋಡಿದರೆ, 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ ರಾಧಾಕೃಷ್ಣನ್ 1962ರಲ್ಲಿ ರಾಷ್ಟ್ರಪತಿಯಾದರು.

ಹೊರಟ್ಟಿಯವರು ಬಂದ ಬಾಗಿಲನ್ನು ತೆರೆದದ್ದು ಸಂವಿಧಾನದ 171ನೇ ವಿಧಿ. ಅದನ್ನು ಓದಿದಾಗ ನನಗೆ ಎರಡು ವಿಷಯ ಸೋಜಿಗ ತಂದವು. ಮೊದಲನೆಯದು, ಶಿಕ್ಷಕರ ಕ್ಷೇತ್ರದಲ್ಲಿ ಮತದಾರರು ಶಿಕ್ಷಕರಾಗಿರಬೇಕು. ಅಭ್ಯರ್ಥಿ ಶಿಕ್ಷಕರೇ ಆಗಿರಬೇಕೆಂದಿಲ್ಲ. ಎರಡನೆಯದು, ಪ್ರೌಢಶಾಲೆಗಿಂತ ಕೆಳಗಿನ ಹಂತದ ಶಿಕ್ಷಕರಿಗೆ ಮತವೇ ಇಲ್ಲ. ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಕನಿಷ್ಠ ಮೂರು ವರ್ಷ ಕಲಿಸಿರಬೇಕು.

ನನ್ನ ಮನೆ ಬ್ರಹ್ಮಾವರ, ಕಾಲೇಜು ಕುಂದಾಪುರ, ಬೋಧನಾಭ್ಯಾಸ ಬೈಂದೂರಿನ ಕಡೆ. ಲೋಕಸಭೆಗೆ ಬೈಂದೂರಿನವರು ಶಿವಮೊಗ್ಗ ಕ್ಷೇತ್ರದಲ್ಲಿ ಓಟು ಹಾಕಿದರೆ ಕುಂದಾಪುರದವರು ಉಡುಪಿ–ಚಿಕ್ಕಮಗಳೂರಿಗೆ ಹಾಕುತ್ತಾರೆ. ನೈರುತ್ಯ ಶಿಕ್ಷಕರ ಕ್ಷೇತ್ರದಲ್ಲಿ ಮಾತ್ರ ಮೂರೂ ಊರು ಒಂದೇ. ನಾಳೆ ನಾನೂ ನನ್ನ ಗೆಳತಿಯೂ ಒಂದೇ ಬಿಎಸ್ಸಿ, ಬಿಎಡ್ ಪದವಿಯೊಂದಿಗೆ ಕೆಲಸಕ್ಕೆ ಸೇರಿದೆವು ಎನ್ನಿ. ನಾನು ಹೈಸ್ಕೂಲಿಗೆ, ಅವಳು ಹಿರಿಯ ಪ್ರಾಥಮಿಕ ಶಾಲೆಗೆ. ಮೂರು ವರ್ಷದ ನಂತರ ನಾನು ಶಿಕ್ಷಕಿಯಾಗಿ ಮತದಾರಳು, ಅವಳು ಅಲ್ಲ. ಆದರೆ ಚುನಾವಣೆ ಬಂದರೆ ಮತಗಟ್ಟೆಯ ಡ್ಯೂಟಿ ಇಬ್ಬರಿಗೂ ಉಂಟು.

ಇದು ಬರೀ ಗೌರವದ ಪ್ರಶ್ನೆಯಲ್ಲ. ಹೊರಟ್ಟಿಯವರು ಸಚಿವರಾಗಿದ್ದಾಗ, 2006ರಲ್ಲಿ, ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದ ಶಾಲೆಗಳ ಮಾನ್ಯತೆ ರದ್ದುಪಡಿಸಲು ಸರ್ಕಾರ ಮುಂದಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ವರ್ಷದ ಜಗಳ ನಡೆದದ್ದು ಪ್ರಾಥಮಿಕ ತರಗತಿಗಳ ಬಗ್ಗೆ. ಆ ತರಗತಿಗಳಲ್ಲಿ ನಿಂತು ಕಲಿಸುವವರಿಗೆ ಮಾತ್ರ ಶಿಕ್ಷಕರ ಪ್ರತಿನಿಧಿಯನ್ನು ಆರಿಸುವ ಹಕ್ಕಿಲ್ಲ.

ಪ್ರಾಥಮಿಕ ಶಿಕ್ಷಕರ ಸಂಖ್ಯೆ ದೊಡ್ಡದು, ಅವರಿಗೂ ಮತ ಕೊಟ್ಟರೆ ಹೈಸ್ಕೂಲು, ಕಾಲೇಜಿನವರ ಮಾತು ಮುಳುಗಿಹೋಗುತ್ತದೆ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಹಿರಿಯರೊಬ್ಬರು ಹೇಳಿದರು. ಶಾಲೆಗೆ ಪಕ್ಷ ರಾಜಕೀಯ ಬರುತ್ತದೆ ಎಂಬ ಅಂಜಿಕೆಯೂ ಅವರಿಗಿದೆ. ಆ ಅಂಜಿಕೆ ಹೈಸ್ಕೂಲಿಗೂ ಸಲ್ಲಬೇಕಲ್ಲ? ಇನ್ನು ಸಂಖ್ಯೆ ದೊಡ್ಡದೆಂಬ ಕಾರಣಕ್ಕೆ ಮತ ಬೇಡವೆನ್ನುವುದು ಪ್ರಜಾಪ್ರಭುತ್ವದ ಪಾಠ ಮಾಡುವವರ ಬಾಯಲ್ಲಿ ಬರಬೇಕಾದ ಮಾತಲ್ಲ. 171ನೇ ವಿಧಿಗೆ ತಿದ್ದುಪಡಿ ತರಲು ಸಂಸತ್ತೇ ಬೇಕು. ಕೇಳುವ ಕೆಲಸವನ್ನಾದರೂ, ಈಗಾಗಲೇ ಮತ ಇರುವ ಶಿಕ್ಷಕರು ಮಾಡಬಹುದು. ಮುಂದಿನ ಸಲ ಓಟು ಕೇಳಲು ಬರುವ ಅಭ್ಯರ್ಥಿಯ ಮುಂದೆ ವೇತನ, ವರ್ಗಾವಣೆಗಳ ಜೊತೆ ಈ ಬೇಡಿಕೆಯನ್ನೂ ಇಡಬೇಕು.

ಮರುದಿನ ಆ ಹುಡುಗಿಗೆ ಹೇಳಿದೆ: ಮೂವತ್ತು ವರ್ಷ ತುಂಬಿದ ಮೇಲೆ ನಾನು ಪರಿಷತ್ತಿಗೆ ನಿಲ್ಲಬಹುದು, ಸರ್ಕಾರಿ ಕೆಲಸದಲ್ಲಿದ್ದರೆ ಅದನ್ನು ಬಿಡಬೇಕು. ಅವಳು ಸ್ವಲ್ಪ ಯೋಚಿಸಿ, ತನಗೆ ಒಂದನೇ ತರಗತಿಯಲ್ಲಿ ಅಕ್ಷರ ಕಲಿಸಿದ ಟೀಚರ್ ನನಗೆ ಓಟು ಹಾಕಬಹುದಾ ಎಂದು ಕೇಳಿದಳು. ಇಲ್ಲ ಎಂದೆ. ಯಾಕೆ ಎಂದಳು. ವಿಧಿಯ ಸಂಖ್ಯೆ ಹೇಳಿದೆ; ಕಾರಣ ಹೇಳಲು ನನ್ನಿಂದ ಆಗಲಿಲ್ಲ.