ಶೈಜರ್ ಕೋಟೆಯ ಉಪ್ಪರಿಗೆ

ಮಧ್ಯಯುಗದ ಕೋಟೆಯ ಪಾಠವೆಂದರೆ ಇಂಗ್ಲೆಂಡಿನ ಶಾಲೆಗಳಲ್ಲಿ ಮೊದಲು ಒಂದು ಚಿತ್ರ. ಸುತ್ತ ನೀರು ತುಂಬಿದ ಕಂದಕ. ಅದರ ಮೇಲೆ ಸರಪಣಿಯಿಂದ ಎತ್ತಿ ಇಳಿಸುವ ಸೇತುವೆ. ಹೆಬ್ಬಾಗಿಲು, ಮೂಲೆಮೂಲೆಗೊಂದು ಬುರುಜು, ಗೋಡೆಯಲ್ಲಿ ಬಾಣ ಬಿಡಲು ಕಿರಿದಾದ ಕಿಂಡಿಗಳು. ಮಕ್ಕಳು ಅದನ್ನು ಬರೆದುಕೊಂಡು, ಬಣ್ಣ ತುಂಬಿ, ಒಂದೊಂದು ಅಂಗಕ್ಕೂ ಹೆಸರು ಕೊಡುತ್ತಾರೆ. ಒಳಗೆ ಯಾರಿದ್ದರು ಎಂಬ ಪ್ರಶ್ನೆಗೆ ಆ ಚಿತ್ರದಲ್ಲಿ ಎಡೆಯಿಲ್ಲ. ಇದ್ದರೆ ಬುರುಜಿನ ಮೇಲೆ ಕಡ್ಡಿಯಂತಹ ಒಬ್ಬ ಸಿಪಾಯಿ. ಆತ್ಮಕಥನದ ಪಾಠವಾದರೋ ಬೇರೊಂದು ಗಂಟೆಗೆ, ಸಾಹಿತ್ಯದ ಅಧ್ಯಾಪಕರ ಪಾಲಿಗೆ ಸೇರಿದ್ದು. ಅಲ್ಲಿ ಮನುಷ್ಯನಿರುತ್ತಾನೆ, ಅವನು ಬಾಳಿದ ಮನೆಯ ಗೋಡೆಗಳನ್ನು ಯಾರೂ ಅಳೆಯುವುದಿಲ್ಲ.

ಈ ಎರಡು ಕೋಣೆಗಳ ನಡುವಣ ಬಾಗಿಲನ್ನು ತೆರೆಯಬಲ್ಲ ಪುಸ್ತಕವೊಂದುಂಟು. ಅದು ಅರಬ್ಬೀ ಭಾಷೆಯ ‘ಕಿತಾಬ್ ಅಲ್-ಇತಿಬಾರ್’. ನಿದರ್ಶನಗಳಿಂದ ಅರಿವು ಪಡೆಯುವ ಪುಸ್ತಕ ಎಂದು ಅದರ ಹೆಸರಿನ ತಾತ್ಪರ್ಯ. ಬರೆದವನು ಉಸಾಮಾ ಇಬ್ನ್ ಮುನ್ಕಿದ್. ಕ್ರೈಸ್ತ ಸೇನೆಗಳು ಜೆರೂಸಲೇಮಿನತ್ತ ಹೊರಡುವುದಕ್ಕೆ ಒಂದು ವರ್ಷ ಮುಂಚೆ, 1095ರಲ್ಲಿ, ಸಿರಿಯಾ ದೇಶದ ಶೈಜರ್ ಕೋಟೆಯಲ್ಲಿ ಹುಟ್ಟಿ, 1188ರಲ್ಲಿ ದಮಾಸ್ಕಸ್ ನಗರದಲ್ಲಿ ತೀರಿಕೊಂಡವನು. ತೊಂಬತ್ತರ ಸಮೀಪದಲ್ಲಿ, ಈಟಿ ಹಿಡಿದು ಸಿಂಹವನ್ನಿರಿದ ಕೈ ಲೇಖನಿ ಹಿಡಿಯಲೂ ನಡುಗುತ್ತಿದ್ದಾಗ, ಆತ ತನ್ನ ನೆನಪುಗಳನ್ನು ಈ ಗ್ರಂಥದಲ್ಲಿ ಸಂಗ್ರಹಿಸಿದನು. ಧರ್ಮಯುದ್ಧಗಳ ಚರಿತ್ರೆಯನ್ನು ಕಲಿಸುವ ಹಲವು ವಿಶ್ವವಿದ್ಯಾಲಯಗಳಲ್ಲಿ ಇದರ ಭಾಗಗಳನ್ನು ಇಂದಿಗೂ ಓದಿಸುತ್ತಾರೆ.

ಶೈಜರ್ ಇರುವುದು ಒರಾಂಟಿಸ್ ನದಿಯ ದಂಡೆಯಲ್ಲಿ, ಹಮಾ ಪಟ್ಟಣದ ವಾಯವ್ಯಕ್ಕೆ. ಉದ್ದವಾದ ಕಿರಿದು ಬೆಟ್ಟದೇಣು. ದೂರದಿಂದ ನೋಡಿದವರು ಅದನ್ನು ಹುಂಜದ ಜುಟ್ಟು ಎಂದು ಕರೆದರು. ಮುನ್ಕಿದ್ ಮನೆತನದವರು 1081ರಲ್ಲಿ ಆ ಕೋಟೆಯನ್ನು ತಮ್ಮದಾಗಿಸಿಕೊಂಡಿದ್ದರು. ಉಸಾಮಾನ ತಂದೆ ಮುರ್ಷಿದ್ ದೊರೆತನ ತನಗೆ ಬೇಡವೆಂದು ಅದನ್ನು ತಮ್ಮನಿಗೆ ಬಿಟ್ಟುಕೊಟ್ಟ ಅಪರೂಪದ ಮನುಷ್ಯ. ಹಗಲು ಬೇಟೆ, ಉಳಿದ ಹೊತ್ತು ಕುರಾನಿನ ಪ್ರತಿಗಳನ್ನು ತನ್ನ ಕೈಯಿಂದಲೇ ಬರೆಯುವುದು. ಹೀಗೆ ಬರೆದ ಪ್ರತಿಗಳು 40ಕ್ಕೂ ಮಿಗಿಲು. ಒಮ್ಮೆ ಅಂಗಳದ ಕಮಾನಿನ ಮೇಲೆ ದೊಡ್ಡದೊಂದು ಹಾವು ತಲೆ ಚಾಚಿತು. ಬಾಲಕ ಉಸಾಮಾ ಏಣಿ ಹತ್ತಿ, ಚಿಕ್ಕದೊಂದು ಚಾಕುವಿನಿಂದ ಅದರ ಕತ್ತನ್ನು ಕೊಯ್ಯತೊಡಗಿದನು. ಹಾವು ಕೈಗೆ ಸುತ್ತಿಕೊಂಡಿತು. ಕೆಳಗೆ ನಿಂತ ತಂದೆ ನೋಡುತ್ತಲೇ ಇದ್ದನು, ಬೇಡವೆನ್ನಲಿಲ್ಲ. ಕಮಾನು ಯಾವ ನಕ್ಷೆಯಲ್ಲಾದರೂ ಸಿಕ್ಕೀತು. ಅದರ ಕೆಳಗೆ ಬಾಯಿ ಮುಚ್ಚಿಕೊಂಡು ನಿಂತ ತಂದೆ ಸಿಗುವುದು ಪುಸ್ತಕದಲ್ಲಿ ಮಾತ್ರ.

ಪಠ್ಯಪುಸ್ತಕಗಳಿಗೆ ಪ್ರಿಯವಾದ ಭಾಗ ಬೇರೆ. ಫ್ರಾಂಕರ ಒಬ್ಬ ಸರದಾರನು ವೈದ್ಯನನ್ನು ಕಳುಹಿಸಿಕೊಡಬೇಕೆಂದು ಉಸಾಮಾನ ಚಿಕ್ಕಪ್ಪನಿಗೆ ಬರೆದನು. ಹೋದ ಅರಬ್ ವೈದ್ಯನು ಒಬ್ಬ ಯೋಧನ ಕಾಲಿನ ಹುಣ್ಣಿಗೆ ಪಟ್ಟು ಹಾಕಿದನು, ಒಬ್ಬ ಹೆಂಗಸಿಗೆ ಪಥ್ಯ ಹೇಳಿದನು. ಅಷ್ಟರಲ್ಲಿ ಫ್ರಾಂಕರ ವೈದ್ಯ ಬಂದು ಯೋಧನ ಕಾಲನ್ನು ಕೊಡಲಿಯಿಂದ ಕಡಿಸಿದನು. ಹೆಂಗಸಿನ ನೆತ್ತಿಯನ್ನು ಶಿಲುಬೆಯಾಕಾರವಾಗಿ ಸೀಳಿ ಉಪ್ಪು ತಿಕ್ಕಿದನು. ಇಬ್ಬರೂ ಸತ್ತರು. ಪಠ್ಯದ ಆಯ್ದ ಭಾಗ ಬಹುಮಟ್ಟಿಗೆ ಇಲ್ಲಿಗೆ ಮುಗಿಯುತ್ತದೆ, ಹುಡುಗರು ನಗುತ್ತಾರೆ. ಆದರೆ ಮುದುಕ ಅಲ್ಲಿಗೆ ನಿಲ್ಲಿಸಿರಲಿಲ್ಲ. ಅದರ ಬೆನ್ನಿಗೇ, ಫ್ರಾಂಕ್ ವೈದ್ಯನೊಬ್ಬ ಕಾಲಿನ ಹುಣ್ಣನ್ನು ಕಟುವಾದ ಹುಳಿರಸದಿಂದ ತೊಳೆದು ವಾಸಿಮಾಡಿದ್ದನ್ನೂ, ಕಂಠಮಾಲೆ ರೋಗಕ್ಕೆ ಅವರಿಂದ ಬಂದ ಮದ್ದನ್ನೂ ಆತ ಬರೆದಿಟ್ಟಿದ್ದಾನೆ. ಅರ್ಧವನ್ನು ಕತ್ತರಿಸಿ ಉಳಿದರ್ಧವನ್ನು ಪಾಠಕ್ಕಿಟ್ಟವರು ಆ ವೈದ್ಯನ ಕೊಡಲಿಗೆ ಅಷ್ಟೇನೂ ದೂರವಿಲ್ಲ.

ಹಾಗೆಂದು ಉಸಾಮಾ ಹೇಳಿದ್ದೆಲ್ಲ ಪೂರ್ಣಸತ್ಯವೆಂದಲ್ಲ. ಕಥೆಯ ರುಚಿ ಬಲ್ಲ ಕವಿ ಆತ. ಚಿಕ್ಕಪ್ಪನಿಗೆ ಗಂಡುಮಕ್ಕಳು ಹುಟ್ಟಿದ ಮೇಲೆ ಪರಾಕ್ರಮಿಯಾದ ಅಣ್ಣನ ಮಗನು ಕಣ್ಣಿಗೆ ಮುಳ್ಳಾದನು. 1138ರ ಹೊತ್ತಿಗೆ ಉಸಾಮಾ ಹುಟ್ಟಿದ ಕೋಟೆಯನ್ನು ಬಿಟ್ಟು ಹೊರಡಬೇಕಾಯಿತು. ಆ ನೋವಿನ ವಿಷಯ ಪುಸ್ತಕದಲ್ಲಿ ಹಾರಿಹೋಗುತ್ತದೆ. ಕೈರೋ ಅರಮನೆಯಲ್ಲಿ 1154ರಲ್ಲಿ ನಡೆದ ಖಲೀಫನ ಕೊಲೆಯಲ್ಲಿ ಆತನ ಕೈವಾಡವಿತ್ತೆಂದು ಕೆಲವು ಇತಿಹಾಸಕಾರರು ದೂರಿದ್ದಾರೆ. ತನ್ನ ಪಾತ್ರದ ಬಗೆಗೆ ಆತನದು ಜಾಣಮೌನ. ಆತ್ಮಕಥನವನ್ನು ಕಲಿಸುವ ಅಧ್ಯಾಪಕನಿಗೆ ಮಾತಿನಷ್ಟೇ ಈ ಮೌನವೂ ಪಾಠವೇ.

ಆದರೆ ಒಂದು ಪ್ರಸಂಗದಲ್ಲಿ ಆತನು ಏನನ್ನೂ ಮುಚ್ಚುವುದಿಲ್ಲ. ಗಂಡಸರು ಹೊರಗೆ ಹೋಗಿದ್ದ ಒಂದು ದಿನ, ಇಸ್ಮಾಯಿಲೀ ಪಂಥದ ಒಂದು ಗುಂಪು ಶೈಜರಿನೊಳಗೆ ನುಗ್ಗಿತು. ಓಣಿಓಣಿಯಲ್ಲಿ ಕಾದಾಟ. ಉಸಾಮಾ ಆಯುಧಕ್ಕಾಗಿ ಮನೆಗೆ ಬಂದರೆ ಕತ್ತಿಗಳಿಲ್ಲ, ಕವಚಗಳಿಲ್ಲ. ಹೋರಾಡಬಲ್ಲವರಿಗೆಲ್ಲ ತಾಯಿ ಅವನ್ನು ಹಂಚಿಬಿಟ್ಟಿದ್ದಳು. ಅಕ್ಕನೆಲ್ಲಿ ಎಂದು ಕೇಳಿದನು. ಕಣಿವೆಯ ಮೇಲಕ್ಕೆ ಚಾಚಿದ ಉಪ್ಪರಿಗೆಯ ಅಂಚಿನಲ್ಲಿ ಆಕೆ ಕುಳಿತಿದ್ದಳು, ಕುಳ್ಳಿರಿಸಿದವಳು ತಾಯಿಯೇ. ಶತ್ರುಗಳು ಮನೆಯ ತನಕ ಬಂದರೆ ಮಗಳನ್ನು ತಾನೇ ಕೆಳಕ್ಕೆ ನೂಕುವುದೆಂದೂ, ಅವಳು ಸೆರೆಯಾಳಾಗುವುದನ್ನು ಕಾಣುವುದಕ್ಕಿಂತ ಸತ್ತುದನ್ನು ಕಾಣುವುದು ಮೇಲೆಂದೂ ಆಕೆ ನಿಶ್ಚಯಿಸಿದ್ದಳು. ಮಗ ತಾಯಿಗೆ ಕೃತಜ್ಞತೆ ಹೇಳಿದನು, ಮಗಳೂ ಹೇಳಿದಳಂತೆ. ಅದೇ ದಿನ ಅಜ್ಜನ ಕಾಲದ ಮುದಿದಾಸಿ ಫುನೂನ್ ಎಂಬವಳು ಮುಸುಕು ಹಾಕಿ, ಕತ್ತಿ ಹಿಡಿದು ಕಾದಾಟದ ನಡುವೆ ಇಳಿದಳು.

ಇಂದಿನ ಹದಿನೆಂಟರ ವಿದ್ಯಾರ್ಥಿನಿ ಇದನ್ನೋದಿದರೆ ಪುಸ್ತಕ ಮುಚ್ಚಿಟ್ಟಾಳು. ಆ ಕೃತಜ್ಞತೆ ನಿಜವೆ? ತಮ್ಮನು ಅಕ್ಕನ ಬಾಯಲ್ಲಿ ಇಟ್ಟ ಮಾತೆ? ಒಳ್ಳೆಯ ತರಗತಿಯಲ್ಲಿ ಈ ಪ್ರಶ್ನೆ ಏಳಲೇಬೇಕು; ಉತ್ತರ ಹೇಳಲು ಅಕ್ಕ ಏನನ್ನೂ ಬರೆದಿಟ್ಟಿಲ್ಲ. ಕಂದಕ, ಬುರುಜು, ಕಿಂಡಿಗಳನ್ನು ಗುರುತಿಸಿದ ವಿದ್ಯಾರ್ಥಿಗೆ ಕೋಟೆಯೆಂದರೆ ಹೊರಗಿನವನನ್ನು ತಡೆಯುವ ಕಟ್ಟಡ. ಆ ಉಪ್ಪರಿಗೆಯ ಅಂಚನ್ನು ಕಂಡವನಿಗೆ, ಅದು ಒಳಗಿನವರಿಗೆ ಹೊರಹೋಗಲು ಬೇರೆ ದಾರಿಯಿಲ್ಲದ ಮನೆಯೂ ಹೌದು.

ಆ ಮನೆ ಹೆಚ್ಚು ಕಾಲ ಉಳಿಯಲಿಲ್ಲ. 1154ರಲ್ಲಿ ಈಜಿಪ್ಟಿನಿಂದ ಸಮುದ್ರಮಾರ್ಗವಾಗಿ ಬರುತ್ತಿದ್ದ ಉಸಾಮಾನ ಸಂಸಾರದ ನಾವೆ, ಜೆರೂಸಲೇಮಿನ ಅರಸನ ಅಭಯಪತ್ರವಿದ್ದೂ, ಆಕ್ರ ಬಂದರಿನ ಬಳಿ ಸುಲಿಗೆಯಾಯಿತು. ಹೆಂಡತಿ ಮಕ್ಕಳು ಜೀವಸಹಿತ ಬಂದರು, 4,000 ಪುಸ್ತಕಗಳು ಹೋದವು. ಪುಸ್ತಕಗಳ ಗಾಯ ಮಾತ್ರ ಬದುಕಿರುವವರೆಗೂ ಮಾಯುವುದಿಲ್ಲವೆಂದು ಆತ ಬರೆದನು. ಮೂರು ವರ್ಷಗಳ ಬಳಿಕ, 1157ರ ಆಗಸ್ಟಿನಲ್ಲಿ, ಶೈಜರಿನಲ್ಲಿ ದೊರೆಯ ಮಗನ ಸುನ್ನತಿಯ ಔತಣಕ್ಕೆ ಕುಟುಂಬವೆಲ್ಲ ಸೇರಿತ್ತು. ಭೂಮಿ ನಡುಗಿತು. ಬಂಧುಗಳು ಬಹುತೇಕ ಎಲ್ಲರೂ ಒಂದೇ ಛಾವಣಿಯಡಿ ಹೂತುಹೋದರು. ಅಟ್ಟಿಬಿಟ್ಟಿದ್ದರಿಂದಲೇ ಉಸಾಮಾ ಬದುಕಿದನು. ಆ ದುಃಖದಲ್ಲಿ, ಹಾಳಾದ ಮನೆಗಳನ್ನು ಕುರಿತು ಅರಬ್ ಕವಿಗಳು ಹಾಡಿದ ಪದ್ಯಗಳನ್ನು ಕಲೆಹಾಕಿ ಆತ ಮತ್ತೊಂದು ಗ್ರಂಥವನ್ನೇ ಮಾಡಿದನು.

ಆತ್ಮಕಥನದ ಹಸ್ತಪ್ರತಿ ಸ್ಪೇನಿನ ಎಸ್ಕೊರಿಯಲ್ ಗ್ರಂಥಾಲಯದಲ್ಲಿ 1880ರಲ್ಲಿ ಹಾರ್ಟ್‌ವಿಗ್ ಡೆರೆನ್‌ಬೂರ್ ಎಂಬ ವಿದ್ವಾಂಸನ ಕಣ್ಣಿಗೆ ಬಿದ್ದಿತು. 1929ರಲ್ಲಿ ಫಿಲಿಪ್ ಹಿಟ್ಟಿಯ ಇಂಗ್ಲಿಷ್ ಅನುವಾದ ಬಂದಿತು. ಮೊದಲ 21 ಹಾಳೆಗಳು ಹಸ್ತಪ್ರತಿಯಲ್ಲಿಲ್ಲ. ಇನ್ನು ಕೋಟೆ: ಭೂಕಂಪದ ಬಳಿಕ ನೂರುದ್ದೀನನು ಅದನ್ನು ವಶಪಡಿಸಿಕೊಂಡು ಮತ್ತೆ ಕಟ್ಟಿಸಿದನು, 13ನೆಯ ಶತಮಾನದ ಸುಲ್ತಾನರು ಇನ್ನಷ್ಟು ಸೇರಿಸಿದರು. ಈಗ ಹುಂಜದ ಜುಟ್ಟಿನ ಮೇಲೆ ನಿಂತಿರುವ ಗೋಡೆಗಳಲ್ಲಿ ಹೆಚ್ಚಿನವು ಆ ಕಾಲದವು. ವಿದ್ಯಾರ್ಥಿಯು ಅವುಗಳನ್ನು ಅಳೆದು ನಕ್ಷೆ ಬರೆಯಬಹುದು. ಅಕ್ಕ ಕುಳಿತಿದ್ದ ಉಪ್ಪರಿಗೆಯನ್ನು ಮಾತ್ರ ಪುಸ್ತಕ ನೋಡಿಕೊಂಡೇ ಸೇರಿಸಬೇಕು.