ತೋಟ ಬಿಡದೆ ದೇವಶಾಸ್ತ್ರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಪ್ರಾಟೆಸ್ಟಂಟರು ಸಭಾಸೇವೆಗೆ ಓದಬೇಕೆಂದರೆ ಹತ್ತಿರದ ದಾರಿ ಮಂಗಳೂರು ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು. ಆದರೆ ಮನೆಯಲ್ಲಿ ಅಡಿಕೆ ತೋಟ, ವಯಸ್ಸಾದ ತಾಯಿ, ಶಾಲೆಗೆ ಹೋಗುವ ಮಕ್ಕಳಿದ್ದರೆ ವರ್ಷಗಟ್ಟಲೆ ಹಾಸ್ಟೆಲಿನಲ್ಲಿರುವುದು ಹೇಗೆ?

1963ರಲ್ಲಿ ಗ್ವಾಟೆಮಾಲದ ಪ್ರೆಸ್ಬಿಟೇರಿಯನ್ ಸೆಮಿನರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಹಳ್ಳಿಯ ಸಭೆ ನಡೆಸುವವರು ಊರು ಬಿಟ್ಟು ಬರಲಾರರು. ಹಾಗಾಗಿ ಪಾಠವೇ ಅವರಲ್ಲಿಗೆ ಹೋಯಿತು. ವಾರವಿಡೀ ಮನೆಯಲ್ಲಿ ಓದು, ವಾರಕ್ಕೊಮ್ಮೆ ಅಧ್ಯಾಪಕರೊಡನೆ ಚರ್ಚೆ. 1971ರಲ್ಲಿ ಆರಂಭವಾದ ಬೆಂಗಳೂರಿನ ಟ್ಯಾಫ್ಟಿ ಸಂಸ್ಥೆ ಹಿಡಿದದ್ದೂ ಇದೇ ಕ್ರಮ. ನನ್ನನ್ನು ಕೇಳಿದರೆ ಆ ಚರ್ಚೆಯೇ ಇದರ ಜೀವಾಳ. ಅಂಚೆಯಲ್ಲಿ ಬಂದ ಪುಸ್ತಕ ನಮ್ಮನ್ನು ಮರುಪ್ರಶ್ನೆ ಕೇಳುವುದಿಲ್ಲವಲ್ಲ!

ಪದವಿಯ ಮಾತು ಬಂದಾಗ ಮಾತ್ರ ಎಚ್ಚರ. ಸೆರಾಂಪುರ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಬಂದದ್ದು 1827ರಲ್ಲಿ, ಡೆನ್ಮಾರ್ಕ್ ದೊರೆಯ ಸನದಿನಿಂದ. 1918ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಅದರ ಸೆನೆಟ್ ಹೊರಗಿನಿಂದ ಓದುವವರಿಗೂ ಪರೀಕ್ಷೆ ನಡೆಸಿದೆ. ಮೂರೇ ತಿಂಗಳಲ್ಲಿ ‘ಡಾಕ್ಟರ್’ ಮಾಡುತ್ತೇವೆಂದು ಹಣ ಕೇಳುವವರು ಬಂದರೆ, 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ನಿನಡಿ ಪದವಿ ಕೊಡಲು ನಿಮಗೇನು ಅಧಿಕಾರವೆಂದು ಕೇಳಿ.

ಅಂದಹಾಗೆ, ನಿಜವಾದ ಪದವಿ ಸಿಕ್ಕಿದರೂ ಗುರುದೀಕ್ಷೆ ಸಿಕ್ಕಿದಂತಲ್ಲ. ಅದನ್ನು ಕೊಡುವುದು ಸಭೆ. ಅರ್ಜಿ ತುಂಬುವ ಮುಂಚೆ ನಿಮ್ಮ ಸಭಾಪಾಲಕರನ್ನು ಕಂಡು ಮಾತಾಡಿ.